ಕಾಗದದ ತೂತಿನಿಂದ ಬಿದ್ದ ಸೂರ್ಯ

ಕಸೂತಿ ಅಂಗಡಿಯಲ್ಲಿ ಚುಕ್ಕಿಯಕ್ಕನ ಕೆಲಸ ಕಾಗದ ಚುಚ್ಚುವುದು. ಹೂಬಳ್ಳಿಯ ಚಿತ್ರ ಹಿಡಿದು ಸೂಜಿಯಿಂದ ತೂತು ಹಾಕಿ, ಬಟ್ಟೆಯ ಮೇಲಿಟ್ಟು ಸುಣ್ಣದ ಪುಡಿ ಒರೆಸಿದರೆ ಬಟ್ಟೆಗೆ ಗುರುತು ಬೀಳುತ್ತದೆ. ಆ ಗುರುತಿನ ಮೇಲೆ ಹೊಲಿಯುವವಳು ಎದುರು ಕೂರುವ ಗೆಳತಿ. ಅವಳಿಗೆ ಸೂಜಿಮಲ್ಲಿ ಅಂತ ಹೆಸರಿಟ್ಟದ್ದು ಚುಕ್ಕಿಯಕ್ಕನೇ, ಇಬ್ಬರಿಗೂ ಇನ್ನೂ ಮದುವೆಯಾಗದಿದ್ದಾಗ. ಬಟ್ಟೆ ಬಿಗಿದ ಒಂದೇ ಚೌಕಟ್ಟಿನ ಆಚೆ ಈಚೆ ಕೂತು ಇಬ್ಬರ ತಲೆಯೂ ನರೆತಿತ್ತು.

ಈಚೆಗೆ ಸೂಜಿಮಲ್ಲಿ ತಾನಾಗಿ ದಾರ ಪೋಣಿಸುತ್ತಿರಲಿಲ್ಲ.

"ನಿನ್ನ ಕೈಗುಣ ಒಳ್ಳೇದು ಕಣೇ, ನೀನೇ ಪೋಣಿಸು. ನಾನು ಪೋಣಿಸಿದ್ದು ಬರೀ ಗಂಟು ಬೀಳತ್ತೆ."

"ಸೋಮಾರಿತನಕ್ಕೆ ಚೆಂದದ ಹೆಸರು ಹುಡುಕಿದೀಯ," ಎಂದು ಬೈಯುತ್ತಲೇ ಚುಕ್ಕಿಯಕ್ಕ ಪೋಣಿಸಿ ಕೊಡುತ್ತಿದ್ದಳು.

ಹೋದ ವಾರ ಅವಳು ಹೊಲಿದ ಎರಡು ಎಲೆ ಸೊಟ್ಟಗೆ ಬಂದಾಗ ಅಂಗಡಿಯ ಯಜಮಾನರು, "ಇನ್ನೊಂದು ಸಲ ಹೀಗಾದ್ರೆ ಮನೇಲೇ ಇದ್ದುಬಿಡಿ," ಎಂದಿದ್ದರು. ಸೂಜಿಮಲ್ಲಿಯ ಮನೆಯ ಒಲೆ ಉರಿಯುತ್ತಿದ್ದುದು ಆ ಸೂಜಿಯಿಂದಲೇ.

ಸೂರ್ಯಗ್ರಹಣದ ಮಧ್ಯಾಹ್ನ ಇಬ್ಬರೂ ಹಿತ್ತಲಿಗೆ ಬಂದರು. ನೇರ ನೋಡಿದರೆ ಕಣ್ಣು ಹೋಗುತ್ತದೆಂದು ಚುಕ್ಕಿಯಕ್ಕ, ದೂರ ದೂರ ತೂತು ಹಾಕಿದ್ದ ಒಂದು ಕಾಗದವನ್ನು ಬಿಸಿಲಿಗೆ ಹಿಡಿದಳು. ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ತೂತಿಗೊಂದರಂತೆ ಸೂರ್ಯನ ಪುಟ್ಟ ಬಿಂಬ ಬಿತ್ತು. ಒಂದೂ ದುಂಡಗಿರಲಿಲ್ಲ. ಎಲ್ಲವೂ ಕತ್ತರಿಸಿ ಎಸೆದ ಉಗುರಿನ ಹಾಗೆ ಬಾಗಿದ್ದವು.

"ಹೇಗಿದೆ ಹೇಳೇ?"

ಸೂಜಿಮಲ್ಲಿ ಬಗ್ಗಿ ನೋಡಿದಳು. "ಚೆನ್ನಾಗಿದೆ. ದುಂಡು ದುಂಡಗೆ, ಮುತ್ತು ಚೆಲ್ಲಿದ ಹಾಗೆ."

ಚುಕ್ಕಿಯಕ್ಕ ಬಟ್ಟೆಯನ್ನೊಮ್ಮೆ, ಗೆಳತಿಯ ಕಣ್ಣನ್ನೊಮ್ಮೆ ನೋಡಿದಳು.

"ಏನಮ್ಮಾ, ಏನು ಕಾಣ್ತಿದೆ?" ಬಾಗಿಲಲ್ಲಿ ಯಜಮಾನರು.

ಸೂಜಿಮಲ್ಲಿ ಬಾಯಿ ತೆರೆಯುವ ಮೊದಲೇ ಚುಕ್ಕಿಯಕ್ಕ ಹೇಳಿದಳು: "ಕುಡುಗೋಲಿನ ಹಾಗೆ ಬಾಗಿದೆ ಸ್ವಾಮಿ. ಈಗಷ್ಟೇ ಇವಳೇ ತೋರಿಸಿದಳು."

ಅವರು ಒಳಗೆ ಹೋದರು. ಸೂಜಿಮಲ್ಲಿ ಬಟ್ಟೆಯ ಮೇಲೆ ಅಂಗೈ ಆಡಿಸಿದಳು, ಬೆಳಕು ಕೈಗೆ ಸಿಗುತ್ತದೇನೋ ಅನ್ನುವಂತೆ. ಅದು ಅವಳ ಬೆರಳುಗಳ ಮೇಲೆ ಹತ್ತಿ ಇಳಿಯಿತು.

"ದುಂಡಗಿಲ್ವೇನೇ?"

"ಇಲ್ಲ."

"ಹೊತ್ತಾಯ್ತು, ಒಳಗೆ ಹೋಗೋಣ ನಡಿ," ಎಂದಳು ಸೂಜಿಮಲ್ಲಿ.

ಮರುದಿನ ಚುಕ್ಕಿಯಕ್ಕ ಬೇಗನೆ ಬಂದು, ಎಲೆಯ ಗೆರೆಗುಂಟ ದಪ್ಪ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಟ್ಟಳು. ಬೆರಳಿಗೆ ತಗುಲುವಷ್ಟು ಉಬ್ಬು. ಕೆಲಸ ಮುಗಿದ ಮೇಲೆ ಬಿಚ್ಚಿದರಾಯಿತು. ಹೀಗೆ ಎಷ್ಟು ದಿನ ನಡೆದೀತು ಅನ್ನುವುದನ್ನು ಯೋಚಿಸಲು ಹೋಗಲಿಲ್ಲ.

ಸೂಜಿಮಲ್ಲಿ ಬಂದು ಕೂತು ಬಟ್ಟೆ ಸವರಿದಳು. ಬೆರಳು ಆ ದಾರದ ಮೇಲೆ ನಿಂತಿತು. ಆ ಉಬ್ಬಿನ ಗುಂಟ ಎಲೆಯ ತುದಿಯವರೆಗೂ ಬೆರಳಾಡಿಸಿದಳು. ಆಮೇಲೆ ಸೂಜಿಯನ್ನು ಎದುರಿಗೆ ಚಾಚಿದಳು. ಕೈಗುಣದ ಮಾತು ಬರಲಿಲ್ಲ.

"ಪೋಣಿಸಿ ಕೊಡೇ," ಅಂದಳು, ಅಷ್ಟೆ.