ಬೆನ್ನಿನ ಮಣ್ಣು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ವೈಫೈ ಡಬ್ಬಿ ಸಿಕ್ಕಿತು. ಒಂದು ಆಂಟೆನಾ ಮುರಿದಿತ್ತು, ಮೇಲೆಲ್ಲ ಧೂಳು. "ಗುಜರಿಗೆ ಆಕು ಅತ್ಲಾಗೆ" ಎಂದಳು ಅಮ್ಮ. ನಾನು ಹಾಕಲಿಲ್ಲ. ಅದರ ಹಿಂದಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ. ನಮ್ಮ ಮಹಡಿಯ ರೂಮಿನಲ್ಲಿದ್ದ ಅಕ್ಕ ನೆನಪಾದಳು...

ಬೊಮ್ಮನಹಳ್ಳಿಯ ನಮ್ಮ ಮನೆಯ ಮೇಲೆ ಶೀಟು ಹೊದಿಸಿದ ನಾಲ್ಕು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದೆವು. ಕೊನೆಯ ರೂಮಿಗೆ ಬಂದವಳು ಅವಳು, ಹಾವೇರಿ ಕಡೆಯವಳು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಅಂಗಿಯ ಕಾಲರು ಹೊಲಿಯುವ ಕೆಲಸ. ಅಪ್ಪ ಊರಲ್ಲಿ ಕುಸ್ತಿ ಆಡಿದವನು ಎಂದು ಒಮ್ಮೆ ಹೇಳಿದ್ದಳು. ಅದು ಬಿಟ್ಟರೆ ಹೆಚ್ಚು ಮಾತಿನವಳಲ್ಲ.

ನಾನಾಗ ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅಮ್ಮನ ನಂಬಿಕೆ. ನಿಜ ಹೇಳಬೇಕೆಂದರೆ ಫೋನಿನಲ್ಲಿ ಗೇಮ್ ಆಡುತ್ತಿದ್ದೆ. ನಮ್ಮದೇ ಒಬ್ಬ ಯೋಧೆಯನ್ನು ಸೃಷ್ಟಿಸಿ, ಹೆಸರಿಟ್ಟು, ಉಡುಪು ತೊಡಿಸಿ, ಅಖಾಡಕ್ಕೆ ಇಳಿದು ಬೇರೆಯವರ ಯೋಧರ ಜೊತೆ ಹೊಡೆದಾಡುವ ಆಟ. ಎರಡು ವರ್ಷ ಕಣ್ಣು ಕೆಡಿಸಿಕೊಂಡು ನನ್ನವಳಿಗೆ ಚಿನ್ನದ ಕವಚ, ಬೆಂಕಿ ಉಗುಳುವ ಕತ್ತಿ ಎಲ್ಲ ಸಂಪಾದಿಸಿದ್ದೆ. ಮದುವೆ ಹೆಣ್ಣಿನ ಹಾಗೆ ಮಿಂಚುತ್ತಿದ್ದಳು. ಆದರೂ ಅಖಾಡದಲ್ಲಿ ಒಬ್ಬರೂ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ನಾನು ಬಂದಾಗ ನಾಲ್ಕು ಜನ ತಿರುಗಿ ನೋಡಬೇಕು...

ಅಕ್ಕನಿಗೆ ಆಟ ಕಲಿಸಿದವಳು ನಾನೇ, ನಮ್ಮ ವೈಫೈ ಕೊಟ್ಟವಳೂ ನಾನೇ. ಅವಳ ಯೋಧೆಗೆ ಇದ್ದದ್ದು ಆಟದವರು ಪುಕ್ಕಟೆ ಕೊಡುವ ಕೆಂಪು ಬಟ್ಟೆ, ಒಂದು ಮರದ ದೊಣ್ಣೆ. ಬಿದ್ದ ವಸ್ತು ಎತ್ತಿಕೊಳ್ಳಲು ಬಗ್ಗುವ ಗುಂಡಿಯೊಂದಿತ್ತು. ಪ್ರತಿ ಜಗಳಕ್ಕೂ ಮುಂಚೆ ಇವಳು ಅದನ್ನೊತ್ತಿ ತನ್ನ ಯೋಧೆಯಿಂದ ನೆಲ ಮುಟ್ಟಿಸುತ್ತಿದ್ದಳು. ಎದುರಾಳಿಗಳು ಅಷ್ಟರಲ್ಲೇ ಬಾರಿಸುತ್ತಿದ್ದರು.

"ಅಕ್ಕ, ನೀನು ಬಗ್ಗೋಷ್ಟ್ರಲ್ಲಿ ಹೊಡೆದು ಹಾಕ್ತಾರೆ. ಯಾಕ್ ಬೇಕು ಇದೆಲ್ಲ?" ಎಂದೆ.

"ಹೊಡೀಲಿ ಬಿಡ ತಂಗಿ. ಮಣ್ಣ ಮುಟ್ಟದೇ ಅಖಾಡಕ್ಕ ಇಳೀಬಾರದು," ಎಂದಳು.

ಸಾಲಾಗಿ ಸೋತಳು. ನಾನು ಒಳಗೊಳಗೇ ನಕ್ಕೆ. ಆದರೆ ಕಾಲರು ಹೊಲಿಯುವ ಕೈ ಅದು. ಎದುರಿನವನ ಕತ್ತಿ ಎಷ್ಟು ಹೊತ್ತಿಗೊಮ್ಮೆ ಬೀಸುತ್ತದೆ ಎನ್ನುವುದು ಅದಕ್ಕೆ ಬಹಳ ಬೇಗ ತಿಳಿಯಿತು. ಗೆಲ್ಲತೊಡಗಿದಳು. ಗೆದ್ದ ಮೇಲೂ ಅವಳದು ವಿಚಿತ್ರವೇ. ಎಲ್ಲರೂ ಕುಣಿದು ಹೋಗುವ ಜಾಗದಲ್ಲಿ ಇವಳು ಸೋತವನ ಪಕ್ಕ ಕೂತು, ಆಟದಲ್ಲಿ ಗಾಯ ಮಾಯಿಸುವ ತನ್ನ ಮದ್ದನ್ನು ಅವನಿಗೆ ಕೊಟ್ಟು, ಅವನು ಏಳುವವರೆಗೂ ಕದಲುತ್ತಿರಲಿಲ್ಲ. ಕೇಳಿದರೆ, "ಸೋತವರ ಬೆನ್ನಿನ ಮಣ್ಣ ಗೆದ್ದವರು ಒರಸಬೇಕು. ನಮ್ಮಪ್ಪ ಹಂಗ ಮಾಡತಿದ್ದ," ಎಂದಳು.

ಜನ ಅವಳಿಗೆ ಮಣ್ಣಕ್ಕ ಎಂದು ಹೆಸರಿಟ್ಟರು. ಅವಳ ಕೈಲಿ ಸೋಲಲಿಕ್ಕೇ ಹುಡುಗರು ಸಾಲು ನಿಲ್ಲುತ್ತಿದ್ದರು. "ಮಣ್ಣಕ್ಕ ಇವತ್ತು ಬರ್ತಾರಾ ಗುರು?" ಎಂದು ನನ್ನನ್ನು ಕೇಳುತ್ತಿದ್ದರು, ನನ್ನನ್ನು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನನ್ನ ಫೋನನ್ನು ಬೈದುಕೊಂಡೆ. ಮನೆಯಲ್ಲೂ ಅಷ್ಟೇ. "ಎಂಗೆ ಅಚ್ಚುಕಟ್ಟಾಗವ್ಳೆ ನೋಡಿ ಕಲ್ತ್ಕೊ" ಎಂದು ಅಮ್ಮ ಅವಳನ್ನೇ ತೋರಿಸುತ್ತಿದ್ದಳು. ಹೊಟ್ಟೆಕಿಚ್ಚು ಎನ್ನುವುದು ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ.

ಅದೊಂದು ಭಾನುವಾರ ಮಧ್ಯಾಹ್ನ ದೊಡ್ಡ ಪಂದ್ಯ. ಎದುರಿಗೆ, ಅಲ್ಲಿಯವರೆಗೆ ಯಾರಿಗೂ ಸೋಲದ ಪೀಣ್ಯದ ಹುಡುಗನೊಬ್ಬ. ಗೆದ್ದವರ ಪ್ರತಿಮೆ ತಿಂಗಳಿಡೀ ಅಖಾಡದ ಬಾಗಿಲಲ್ಲಿ ನಿಲ್ಲುತ್ತಿತ್ತು. ಅಕ್ಕ ಮೇಲೆ ತನ್ನ ರೂಮಿನಲ್ಲಿ, ನಾನು ಕೆಳಗೆ ಹಾಲಿನಲ್ಲಿ ಫೋನು ಹಿಡಿದು ನೋಡುತ್ತಿದ್ದೆ. ಅವಳು ಮಣ್ಣು ಮುಟ್ಟಿದಳು. ಆ ಹುಡುಗ ಹೊಡೆಯದೆ ಕಾದ. ಆಮೇಲೆ ಶುರುವಾಯಿತು ನೋಡಿ... ಅವನ ಉಸಿರು ಮುಗಿಯುತ್ತ ಬಂದಿತ್ತು. ಇನ್ನೆರಡೇ ಏಟು.

ನಾನು ಎದ್ದು ವೈಫೈ ಡಬ್ಬಿಯ ಸ್ವಿಚ್ಚು ಒತ್ತಿದೆ.

ನನ್ನ ಫೋನನ್ನು ಮುಂಚೆಯೇ ಸಿಮ್ಮಿನ ಡೇಟಾಗೆ ಬದಲಿಸಿಕೊಂಡಿದ್ದೆ. ಅಂದರೆ ಅದು ಕೋಪದಲ್ಲಿ ತಟ್ಟನೆ ಆದ ಕೆಲಸವಲ್ಲ. ಅಖಾಡದಲ್ಲಿ ಕೆಂಪು ಬಟ್ಟೆಯವಳು ದೊಣ್ಣೆ ಎತ್ತಿದಲ್ಲೇ ಗಕ್ಕನೆ ನಿಂತುಬಿಟ್ಟಳು. ಏಟು ಬಿತ್ತು, ಉರುಳಿದಳು. ಇವಳ ಇಂಟರ್ನೆಟ್ ಹೋಗಿರಬೇಕು ಎಂದು ಆ ಹುಡುಗನಿಗೆ ಆಮೇಲೆ ಹೊಳೆಯಿತೋ ಏನೋ, ಬಂದು ಪಕ್ಕದಲ್ಲಿ ಕೂತು ಮದ್ದು ಕೊಟ್ಟ. ನಾನು ಡಬ್ಬಿಯನ್ನು ಮತ್ತೆ ಆನ್ ಮಾಡಿದೆ. ಅಕ್ಕನ ಯೋಧೆ ಮತ್ತೆ ಕದಲಿದಾಗಲೂ ಅವನು ಪಕ್ಕದಲ್ಲೇ ಕೂತಿದ್ದ.

ಅಕ್ಕ ಇಳಿದು ಬಂದು ಹಾಲಿನ ಬಾಗಿಲಲ್ಲಿ ನಿಂತಳು.

"ಕರೆಂಟ್ ಹೋಗ್ಬಿಡ್ತು ಅಕ್ಕ," ಎಂದೆ, ಅವಳು ಕೇಳುವ ಮೊದಲೇ.

"ಮ್ಯಾಲೆ ಫ್ಯಾನ್ ತಿರಗಾಕತ್ತಿತ್ತಲ್ಲ," ಎಂದಳು. ವೈಫೈ ಡಬ್ಬಿಯ ಕಡೆ ನೋಡಿ, "ಸೋತದ್ದಕ್ಕ ಬ್ಯಾಸರಿಲ್ಲ ತಂಗಿ. ಆ ಹುಡುಗ ಬಂದು ಬೆನ್ನ ಒರಸಿದ. ಗೆದ್ದಾಕಿ ಇನ್ನೂ ಒರಸಿಲ್ಲ," ಎಂದಳು.

ಆಡಿದ್ದು ಹುಡುಗ. ಅವಳು ಹೇಳಿದ್ದು ಗೆದ್ದಾಕಿ, ಎಂದರೆ ಗೆದ್ದವಳು. ನಾನು ಅರ್ಥವಾಗದವಳ ಹಾಗೆ ಟಿವಿ ಹಾಕಿದೆ. ಎರಡು ಮಾತು, ತಪ್ಪಾಯಿತು ಅಕ್ಕ ಎಂದಿದ್ದರೆ ಸಾಕಿತ್ತು... ಅವಳು ಮತ್ತೆ ಆಟಕ್ಕೆ ಬರಲಿಲ್ಲ. ಮುಂದೆ ಅವಳ ಫ್ಯಾಕ್ಟರಿ ಬೇರೆ ಊರಿಗೆ ಹೋಯಿತು, ಅಮ್ಮನ ಕೈಗೆ ಬೀಗದ ಕೈ ಕೊಟ್ಟು ಅವಳೂ ಹೋದಳು. ನಾನು ಕಾಲೇಜಿಗೆ ಹೋಗಿದ್ದೆ.

ಡಬ್ಬಿ ಸಿಕ್ಕ ದಿನವೇ ಆ ಆಟವನ್ನು ಮತ್ತೆ ಹಾಕಿಕೊಂಡೆ. ನನ್ನ ಚಿನ್ನದ ಕವಚ ಹಾಗೇ ಇತ್ತು, ಗುರುತು ಹಿಡಿದವರಿಲ್ಲ. ಯಾರೋ ಹೊಸಬ ಎದುರಾದ. ಬಗ್ಗಿ ನೆಲ ಮುಟ್ಟಿದ, ನನ್ನನ್ನು ಸೋಲಿಸಿದ, ಪಕ್ಕದಲ್ಲಿ ಕೂತು ಮದ್ದು ಕೊಟ್ಟ. ಇದೆಲ್ಲ ಯಾಕೆ ಎಂದು ಬರೆದು ಕೇಳಿದೆ.

"ಇಲ್ಲಿ ಹಂಗೇ ಗುರು, ಮಣ್ಣಕ್ಕನ ರೂಲ್ಸು. ನಾನ್ ಅವ್ರನ್ನ ನೋಡಿಲ್ಲ, ಸಕ್ಕತ್ತಾಗಿ ಆಡ್ತಿದ್ರಂತೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆ ಮತ್ತೆ ಉರಿಯಿತು. ಅದರ ಹಿಂದೆಯೇ ಅಳು ಬಂತು. ಅವಳ ನಂಬರಿಗೆ ಫೋನ್ ಮಾಡಿದೆ, ಆ ನಂಬರು ಈಗ ಚಾಲ್ತಿಯಲ್ಲಿಲ್ಲ. ಎಲ್ಲರೂ ಎಲ್ಲರ ಬೆನ್ನು ಒರೆಸುವ ಆ ಅಖಾಡದಲ್ಲಿ, ನಾನು ಒರೆಸಬೇಕಾದ ಬೆನ್ನೊಂದೇ ಇಲ್ಲ.