ಕಾರಿಗೆ ಹೊದಿಸಿದ ಕಂಬಳಿ

ಇವತ್ತು ಸೋಮವಾರದ ಉಪವಾಸ. ಹಾಲು ಕರೆದು, ಬಾಗಿಲಿಗೆ ನೀರು ಹಾಕುವಷ್ಟರಲ್ಲಿ ನಮ್ಮನೆಯವರ ಕೂಗು: "ಕಾರು ಸ್ಟಾರ್ಟೇ ಆಯ್ತಿಲ್ಲ ಕಣೆ!" ಚಳಿಯೆಂದು ಹಸುವಿಗೆ ಗೋಣಿತಾಟು, ಹೈಬ್ರಿಡ್ ಕಾರಿಗೆ ಕಂಬಳಿ ಹೊದಿಸಿದ್ದರು.

ಮೆಕ್ಯಾನಿಕ್ ಬಂದು ಸ್ಟಾರ್ಟ್ ಮಾಡಿಕೊಟ್ಟು ನಕ್ಕ. "ಕಂಬ್ಳಿ ಒದ್ಸುದ್ರೆ ಬ್ಯಾಟ್ರಿ ಚಾರ್ಜಾಯ್ತದಾ ಗೌಡ್ರೆ? ದಿನಾ ಡೈರಿಗಂಟ ಓಗ್ಬಂದ್ರೆ ಸಾಲ್ದು. ವಾರಕ್ಕೊಂದ್ಸಲ ದೂರ ಓಡುಸ್ರಿ."

"ಚುಂಚನಗಿರಿ ಆಯ್ತದಾ?" ಎಂದೆ.

"ಅಳತೆ ಮಾಡ್ದಂಗದೆ ಕಣವ್ವ!"

ಸೋಮವಾರ ಚುಂಚನಗಿರಿ ಬೆಟ್ಟಕ್ಕೆ ಶಿವನ ದರ್ಶನಕ್ಕೆ ಕರೆದುಕೊಂಡು ಹೋಗಿ ಎಂದು ಮೂರು ವರ್ಷದಿಂದ ಇವರನ್ನು ಕೇಳುತ್ತಿದ್ದೇನೆ. ಓಡಿಸಿದರೆ ಕಾರು ಸವೆಯುತ್ತದೆ ಎನ್ನುತ್ತಿದ್ದರು. ಈಗ ದೂರ ಓಡಿಸದೆ ಕೆಟ್ಟಿತು. "ಯೋಚ್ನೆ ಮಾಡ್ತೀನಿ ಬುಡು" ಎಂದು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದೇ ಹೋದರು.

ಸ್ನೇಹಿತರೇ, ಡೈರಿ ಕಡೆ ಇರುವವರು ಯಾರಾದರೂ ನಮ್ಮನೆಯವರಿಂದ ನನಗೆ ಬರಬೇಕಾದ ಉತ್ತರ ಇಸ್ಕೊಂಡು ಬನ್ನಿ. ಸೀರೆ ಉಟ್ಟಾಗಿದೆ, ಕಂಬಳಿಯೂ ಮಡಚಿಟ್ಟಾಗಿದೆ.