ಗದ್ದೆಯಂಥ ಗೆರೆ

ಶ್ರೀರಂಗಪಟ್ಟಣದಲ್ಲಿ ಏಳು ಗಂಟೆಯ ಬಸ್ಸು ಹತ್ತಿ ಕೂತಾಗ ಕಂಡಕ್ಟರು ನನ್ನ ಮಡಿಲಿನ ಪೆಟ್ಟಿಗೆ ನೋಡಿ, “ಆರ್ಮೋನಿಯಮ್ಮಾ ಮೇಡಂ?” ಎಂದ. ಅಲ್ಲ, ನಾನು ಶಾಲೆಯಿಂದ ಶಾಲೆಗೆ ಹೊತ್ತು ತಿರುಗುತ್ತಿದ್ದ, ಮಕ್ಕಳ ಕಿವಿ ನೋಡುವ ಯಂತ್ರ. ತೊಂಬತ್ತರ ದಶಕದ ಆ ದಿನಗಳಲ್ಲಿ ಅದು ನನಗೂ ಹೊಸದು. ಸೂಜಿಯಿಲ್ಲ, ನೋವಿಲ್ಲ. ರಬ್ಬರಿನ ತುದಿಯನ್ನು ಕಿವಿಗೆ ಹಿಡಿದರೆ ಸಣ್ಣಗೆ ಗಾಳಿಯೊತ್ತಿ ಚೀಟಿಯ ಮೇಲೆ ಗೆರೆ ಎಳೆಯುತ್ತದೆ. ಕಿವಿತಮಟೆ ಸಲೀಸಾಗಿ ಅಲುಗಿದರೆ ಗೆರೆ ಬೆಟ್ಟದಂತೆ ಏಳುತ್ತದೆ; ತಮಟೆಯ ಹಿಂದೆ ನೀರು ತುಂಬಿದ್ದರೆ ಸಪಾಟು.

ಪಾಂಡವಪುರದ ಶಾಲೆಯ ಕಿಟಕಿಯಿಂದ ಕುಂತಿಬೆಟ್ಟ ಕಾಣುತ್ತಿತ್ತು. ನನ್ನ ಚೀಟಿಯಲ್ಲಿ ಮಾತ್ರ ಬೆಟ್ಟದ ಸುಳಿವಿಲ್ಲ. ಸಾಲಾಗಿ ಹನ್ನೊಂದು ಮಕ್ಕಳು, ಎಲ್ಲವೂ ಸಪಾಟು! ಇಡೀ ಊರಿನ ಕಿವಿಯಲ್ಲಿ ನೀರೇ ಎಂದು ಗಾಬರಿಯಾಗಿ ರಬ್ಬರಿನ ತುದಿ ಬಿಚ್ಚಿ ನೋಡಿದರೆ, ತೂತು ಕಟ್ಟಿಕೊಳ್ಳುವಷ್ಟು ಹರಳೆಣ್ಣೆ.

“ದೊಡ್ಡ ಮಿಷಿನ್ನು ಬತ್ತದೆ ಅಂದ್ರು. ಅದ್ಕೇ ಬೆಚ್ಗೆ ಎಣ್ಣೆ ಬುಟ್ಟು ಕರ್ಕೊಂಬಂದಿವ್ನಿ ಕಣವ್ವಾ,” ಎಂದರು ಒಬ್ಬ ಅಜ್ಜಿ, ಬಹುಮಾನಕ್ಕೆ ನಿಂತವರ ಹಾಗೆ. ಸಿಟ್ಟೂ ಬಂತು, ನಗುವೂ ಬಂತು. ಹತ್ತಿ ಸುತ್ತಿ ಒರೆಸಿದ್ದೇ ಒರೆಸಿದ್ದು. ಆಮೇಲೆ ಸಾಲುಸಾಲು ಬೆಟ್ಟ. ಅವರು ಕೊಟ್ಟ ಬಿಸಿ ಉಪ್ಪಿಟ್ಟು ತಿಂದು ಕೆ.ಆರ್.ಪೇಟೆ ಬಸ್ಸು ಹಿಡಿದೆ.

ಅಲ್ಲಿಯ ಶಾಲೆಯ ಜಗಲಿಯಲ್ಲಿ ಬೂಕನಕೆರೆಯ ಜಯಮ್ಮ ತಗಡಿನ ಟ್ರಂಕಿನ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ಆರು ವರ್ಷದ ಮಗಳು ಸವಿತಾ. ಚೆನ್ನಾಗಿ ಮಾತು ಕಲಿತಿದ್ದ ಹುಡುಗಿಗೆ ಒಂದು ವರ್ಷದಿಂದ ಕೂಗಿದರೂ ಕೇಳುತ್ತಿರಲಿಲ್ಲ. ಕಿವುಡು ಎಂದು ಯಾರೋ ಹೇಳಿದ್ದನ್ನು ನಂಬಿ, ಅವಳನ್ನು ಮೈಸೂರಿನಲ್ಲಿ ಕಿವುಡ ಮಕ್ಕಳ ಹಾಸ್ಟೆಲಿಗೆ ಬಿಡಲು ಹೊರಟಿದ್ದರು. ಯಂತ್ರ ಬರುವ ಸುದ್ದಿ ಕೇಳಿ ದಾರಿಯಲ್ಲಿ ಶಾಲೆಗೆ ಬಂದಿದ್ದರು; ಬಸ್ಸಿಗೆ ಇನ್ನೊಂದೇ ಗಂಟೆ.

“ಒಂದ್ಸಲ ನೋಡ್ಬುಡಿ ಮೇಡಮ್ಮೋರೆ. ಬುಟ್ಟು ಬರಕ್ಕೆ ಮನ್ಸೇ ಒಪ್ತಾ ಇಲ್ಲ.”

ಇಲ್ಲೂ ಎಣ್ಣೆ! ಈ ಸಲ ಮೊದಲೇ ಒರೆಸಿದೆ. ಆದರೂ ಎರಡು ಕಿವಿಯಲ್ಲೂ ಗೆರೆ ಸಪಾಟು. ಮಿಡಿದರೆ ಗುಂಯ್ ಎನ್ನುವ ಉಕ್ಕಿನ ಕವೆಯನ್ನು ಕಿವಿಯ ಮುಂದೆ ಹಿಡಿದೆ; ಹುಡುಗಿ ಸುಮ್ಮನಿದ್ದಳು. ಕಿವಿಯ ಹಿಂದಿನ ಮೂಳೆಗೆ ತಾಗಿಸಿದೆ.

“ಅವ್ವಾ, ಜೇನು!” ಎಂದು ಕಿಲಕಿಲ ನಕ್ಕಳು.

ನನಗೆ ಕುಣಿಯುವಷ್ಟು ಸಂತೋಷವಾಯಿತು. “ಮೂಳೆಯಿಂದ ಕೇಳಿಸ್ತು ಅಂದ್ರೆ ಒಳಗಿನ ನರ ಚೆನ್ನಾಗಿದೆ ಜಯಮ್ಮ. ನೀರು ಅಡ್ಡ ಕೂತಿದೆ, ಅಷ್ಟೇ. ವಾಸಿಯಾಗುತ್ತೆ. ಡಾಕ್ಟರಿಗೆ ಕಾಗದ ಕೊಡ್ತೀನಿ, ಸೋಮವಾರ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಾಸ್ಟೆಲು ಬೇಡ.” ಗೆರೆ ಬೆಟ್ಟವಾಗದೆ ಗದ್ದೆಯಂತೆ ಮಲಗಿರುವುದನ್ನು ತೋರಿಸಿದೆ.

“ಬೆಟ್ಟ ಯಾರ್ಗೆ ಬೇಕು ಬುಡಿ, ನಮ್ಗೆ ಗದ್ದೆನೇ ಸಾಕು!” ಜಯಮ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡರು.

ಮರುದಿನದ ಕೆಲಸ ನಾಗಮಂಗಲದಲ್ಲಿತ್ತು. ನನ್ನ ಬಸ್ಸು ಹೊರಟಾಗ ತಿರುಗಿ ನೋಡಿದೆ. ಮೈಸೂರಿನ ಬಸ್ಸು ಹಾರನ್ ಹೊಡೆದು ಜನರನ್ನು ಕರೆಯುತ್ತಿತ್ತು. ಜಯಮ್ಮ ಅದರತ್ತ ನೋಡಲೂ ಇಲ್ಲ. ಟ್ರಂಕನ್ನು ತಲೆಯ ಮೇಲೆ ಹೊತ್ತು, ಮಗಳ ಕೈ ಹಿಡಿದು, ಬೂಕನಕೆರೆಯ ಬಸ್ಸಿನ ಕಡೆಗೆ ಹೆಚ್ಚುಕಡಿಮೆ ಓಡುತ್ತಿದ್ದರು.